ಎರಡು ಕಾರ್ಡು, ಒಂದು ಹೆಸರು

ಟಿ. ದಾಸರಹಳ್ಳಿಯ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ, ಹನುಮಂತರಾಯಪ್ಪನವರ ಕಟ್ಟಡದ ಕೆಳಗಿನ ಎರಡು ಕೋಣೆಗಳಲ್ಲಿ, ಡಾಕ್ಟರ್ ಶ್ಯಾಮಲಾ ಅವರ ಮಕ್ಕಳ ಕ್ಲಿನಿಕ್ ಇದೆ. ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಟೋಕನ್ ಕೊಡುವವಳು, ಮಗುವಿನ ತೂಕ ನೋಡುವವಳು, ಅಳುವ ಮಗುವನ್ನು ಸೂಜಿಗೆ ಹಿಡಿದುಕೊಳ್ಳುವವಳು ಮಹಾನಂದಾ.

ಸುರಪುರದ ಕಡೆಯ ಹಳ್ಳಿಯಿಂದ ಗಂಡ ಸಿದ್ರಾಮನ ಜೊತೆ ಅವಳು ಬಂದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಸಿದ್ರಾಮ ಪೀಣ್ಯದಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಕಾರ್ಖಾನೆ ಸೇರಿದ. ಬಂದು ಎರಡು ತಿಂಗಳಿಗೇ ನಾಲ್ಕು ತಿಂಗಳ ಮಗ ಉಸಿರಾಡಲು ಒದ್ದಾಡತೊಡಗಿದ. ದಾರಿಯಲ್ಲಿ ಯಾರೋ ಕೈತೋರಿಸಿದ ಕ್ಲಿನಿಕ್ಕಿಗೆ ಓಡಿಬಂದಳು. ಡಾಕ್ಟರು ಮಗುವಿಗೆ ಹಬೆ ಕೊಡುತ್ತ ಇಡೀ ದಿನ ಅಲ್ಲೇ ಇಟ್ಟುಕೊಂಡರು. ಅದೇ ದಿನ ಮಧ್ಯಾಹ್ನ ಇನ್ನೊಬ್ಬ ಹೆಂಗಸು ಬಂದು "ಕೂಸು ಹಾಲು ಕುಡಿವಲ್ದರೀ" ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿ ಮಗನನ್ನು ಎತ್ತಿಕೊಂಡು ಕೂತಿದ್ದ ಮಹಾನಂದಾ, "ಮಗು ಹಾಲು ಕುಡೀತಿಲ್ಲ ಅಂತಾಳ್ರಿ ಮೇಡಂ" ಎಂದಳು. ಸಂಜೆ ಮಗ ಚೇತರಿಸಿಕೊಂಡಾಗ ಡಾಕ್ಟರು ಕೇಳಿದರು, "ಎಷ್ಟು ಓದಿದ್ದೀಯಮ್ಮ?" ಪಿಯುಸಿ ಪಾಸಾಗಿತ್ತು. ಮುಂದಿನ ತಿಂಗಳಿಂದ ಆ ಮೇಜು ಅವಳದಾಯಿತು.

ಹನ್ನೆರಡು ವರ್ಷ ಕ್ಲಿನಿಕ್ಕಿನ ಮಾಹಿತಿಯೆಲ್ಲ ಇದ್ದದ್ದು ಚಪ್ಪಲಿ ಡಬ್ಬಿಗಳಲ್ಲಿ ಜೋಡಿಸಿಟ್ಟ ಹಳದಿ ಕಾರ್ಡುಗಳಲ್ಲಿ, ಉಳಿದದ್ದು ಮಹಾನಂದಾಳ ತಲೆಯಲ್ಲಿ. ಯಾವ ಮಗುವಿಗೆ ಯಾವ ಔಷಧಿ ಒಗ್ಗುವುದಿಲ್ಲ, ಯಾವ ತಾಯಿ ಎರಡನೇ ಬಸುರಿ, ಯಾರ ಮನೆ ಖಾಲಿಯಾಯಿತು, ಎಲ್ಲವನ್ನೂ ಬಾಗಿಲಲ್ಲಿ ಮುಖ ಕಂಡ ಕೂಡಲೇ ಹೇಳುತ್ತಿದ್ದಳು.

ಮುಖ್ಯರಸ್ತೆಯಲ್ಲಿ ದೊಡ್ಡದೊಂದು ಮಕ್ಕಳ ಆಸ್ಪತ್ರೆ ತೆರೆದ ಮೇಲೆ ಬೆಂಚುಗಳು ಖಾಲಿಯಾಗತೊಡಗಿದವು. ಡಾಕ್ಟರಿಗೆ ಐವತ್ತೊಂಬತ್ತು. ಒಂದು ಬೆಳಿಗ್ಗೆ ಹತ್ತೂವರೆಯಾದರೂ ಒಬ್ಬರೂ ಬರದಿದ್ದಾಗ ಅವರು ಹೊರಗೆ ಬಂದು ಬೆಂಚಿನ ಮೇಲೆ ಕೂತರು.

"ಯುಗಾದಿ ಹೊತ್ತಿಗೆ ಮುಚ್ಚಿಬಿಡೋಣ ಅನ್ಸುತ್ತೆ ಮಹಾನಂದಾ. ಯಾರು ಬರ್ತಿಲ್ಲ, ಯಾಕೆ ಬರ್ತಿಲ್ಲ, ನನಗೆ ಗೊತ್ತಾಗ್ತಿಲ್ಲ. ಕುರುಡಿ ಹಾಗೆ ಕೂತಿದ್ದೀನಿ."

ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ ಎಂದು ಡಾಕ್ಟರ ಸಹಪಾಠಿಯೊಬ್ಬರು ಹೇಳಿದರು. ಒಂದು ಲ್ಯಾಪ್‌ಟಾಪ್ ಬಂತು. ಸಾಫ್ಟ್‌ವೇರ್ ಕಂಪನಿಯವನು ಬಂದು ಎರಡು ದಿನ ಹೇಳಿಕೊಟ್ಟು ಹೋದ. ಮಹಾನಂದಾ ಒಂದೇ ಬೆರಳಿನಿಂದ ಶುರುಮಾಡಿದಳು. ಮಧ್ಯಾಹ್ನ ಒಂದರಿಂದ ಐದರವರೆಗೆ ಕ್ಲಿನಿಕ್ ಮುಚ್ಚಿರುತ್ತಿತ್ತು; ಆ ಹೊತ್ತಿನಲ್ಲಿ ಡಬ್ಬಿ ಡಬ್ಬಿಯಾಗಿ ತೆಗೆದು ಹೆಸರು, ತಂದೆಯ ಹೆಸರು, ಹುಟ್ಟಿದ ತಿಂಗಳು, ಫೋನು, ಹಾಕಿದ ಸೂಜಿಗಳನ್ನು ಒತ್ತುತ್ತ ಹೋದಳು. ಐದು ತಿಂಗಳಲ್ಲಿ ಆರು ಸಾವಿರದ ಇನ್ನೂರು ಕಾರ್ಡು. ಒಂದೇ ಮಗುವಿಗೆ ಎರಡು ಮೂರು ಕಾರ್ಡು ಇದ್ದದ್ದೂ ಉಂಟು. ಹಳೆಯದು ಕಳೆದರೆ ಹೊಸದು ಬರೆದಿರುತ್ತಿದ್ದರು. ಹೆಸರು, ಫೋನು ಹೊಂದಿದರೆ ಪರದೆ ತಾನೇ ಕೇಳುತ್ತಿತ್ತು, ಇವೆರಡೂ ಒಂದೇ ಮಗು ಇರಬಹುದು, ಕೂಡಿಸಲೇ ಎಂದು. ಅವಳು ಹೌದು ಎಂದು ಒತ್ತುತ್ತಿದ್ದಳು.

ಡಿಸೆಂಬರ್‌ನಲ್ಲಿ ಮೊದಲ ಸಲ ಉತ್ತರ ಕಾಣಿಸಿತು. ದೊಡ್ಡ ಆಸ್ಪತ್ರೆಗೆ ಹೋದ ಮಕ್ಕಳು ಡಾಕ್ಟರು ಅಂದುಕೊಂಡಷ್ಟಿರಲಿಲ್ಲ. ಒಂಬತ್ತನೇ ತಿಂಗಳ ದಡಾರದ ಸೂಜಿಗೆ ಬಂದವರಲ್ಲಿ ಒಂದೂಕಾಲು ವರ್ಷದ ಎರಡನೇ ಸೂಜಿಗೆ ಅರ್ಧಕ್ಕರ್ಧ ಬಂದೇ ಇರಲಿಲ್ಲ. ಬಾರದವರಲ್ಲಿ ಬಹುಪಾಲು ಕೆರೆಯ ಕಡೆಯ ಶೀಟಿನ ಮನೆಗಳವರು. ಯಾದಗಿರಿ, ರಾಯಚೂರು, ವಿಜಯಪುರದಿಂದ ಗಾರೆ ಕೆಲಸಕ್ಕೂ ಕಾರ್ಖಾನೆಗೂ ಬಂದವರು. ಮಹಾನಂದಾ ವಿಚಾರಿಸಿ ನೋಡಿದರೆ ಅವರು ಬೇರೆ ಆಸ್ಪತ್ರೆಗೂ ಹೋಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ.

ಡಾಕ್ಟರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. "ಇಪ್ಪತ್ತಾರು ವರ್ಷದಿಂದ ಇಲ್ಲೇ ಇದ್ದೀನಿ. ಇದು ನನಗೆ ಗೊತ್ತೇ ಇರಲಿಲ್ಲ ನೋಡು," ಎಂದರು.

ಜನವರಿ ಎರಡನೇ ವಾರ ಮೊದಲ ದಡಾರ ಬಂತು. ನಾಲ್ಕು ದಿನಕ್ಕೆ ಏಳು ಮಕ್ಕಳು. ಡಾಕ್ಟರು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತಿಳಿಸಿದರು. ಅಲ್ಲಿಂದಲೂ ಜನ ಬಂದು ಮನೆಮನೆ ತಿರುಗತೊಡಗಿದರು. ಆದರೆ ಯಾವ ಮನೆಯ ಯಾವ ಮಗುವಿಗೆ ಸೂಜಿ ಬಾಕಿ ಎಂಬ ಪಟ್ಟಿ ಇದ್ದದ್ದು ಮಹಾನಂದಾಳ ಕೈಯಲ್ಲಿ. ನೂರ ಹನ್ನೆರಡು ಹೆಸರು.

ಫೋನ್ ಮಾಡಿದಳು. ಅರವತ್ತು ನಂಬರು ಸ್ವಿಚ್ ಆಫ್. ಒಂದಷ್ಟು ನಂಬರು ಮೇಸ್ತ್ರಿಗಳವು. ಫೋನ್ ಇಲ್ಲದ ಹೆಂಗಸರು ಮೇಸ್ತ್ರಿಯ ನಂಬರನ್ನೇ ಬರೆಸಿದ್ದರು. ಗದಿಗೆಪ್ಪ ಎಂಬ ಮೇಸ್ತ್ರಿಯ ಒಂದೇ ನಂಬರು ಹದಿನಾಲ್ಕು ಮಕ್ಕಳ ಮುಂದೆ ಇತ್ತು. "ಯಾರ್ ಯಾರನ್ನಂತ ಕರೀಲಿ ನಾನು? ಎಲ್ಲಾರೂ ಕೆಲಸಕ್ಕ ಹೋಗ್ಯಾರ," ಎಂದು ಅವನು ಫೋನ್ ಇಟ್ಟುಬಿಟ್ಟ. ಕೊನೆಗೆ ಅವಳು ಪಟ್ಟಿ ಹಿಡಿದು ನಡೆದೇ ಹೊರಟಳು. ಮಧ್ಯಾಹ್ನಗಳಲ್ಲಿ ಒಬ್ಬಳೇ, ಭಾನುವಾರ ಸಿದ್ರಾಮನ ಗಾಡಿಯ ಮೇಲೆ. ಎಷ್ಟೋ ಬಾಗಿಲಿಗೆ ಬೀಗ. ಎಷ್ಟೋ ಕಡೆ ಬೇರೆಯೇ ಸಂಸಾರ. ಜ್ವರ ಬಂದ ಮಗುವನ್ನು ಬೇವಿನ ಸೊಪ್ಪು ಕಟ್ಟಿದ ಬಾಗಿಲ ಹಿಂದೆ ಮಲಗಿಸಿ, "ಅಮ್ಮ ಬಂದಾಳ, ಹೊರಗ ತರಬಾರದು," ಎಂದವರೂ ಇದ್ದರು. ಅವರ ಮುಂದೆ ಕೂತು, ಅವರದೇ ಮಾತಿನಲ್ಲಿ ಹೇಳಿ, ಕೈಹಿಡಿದು ಕರೆತಂದಳು. ಹನ್ನೆರಡು ದಿನಕ್ಕೆ ಎಪ್ಪತ್ತನಾಲ್ಕು ಹೆಸರಿನ ಮುಂದೆ ಹಸಿರು ಗುರುತು ಬಿತ್ತು. ಉಳಿದವರು ಸಿಗಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಹನುಮವ್ವ ಬಂದಳು. ಕಟ್ಟಡ ಕೆಲಸದವಳು, ಶೀಟಿನ ಮನೆಗಳ ಎರಡನೇ ಸಾಲಿನವಳು. ತೋಳಲ್ಲಿ ಎರಡೂವರೆ ವರ್ಷದ ಮಗಳು ಭಾಗ್ಯಶ್ರೀ. ಎರಡು ದಿನದಿಂದ ಜ್ವರ, ಕೆಮ್ಮು, ಕಣ್ಣು ಕೆಂಪು. ಮೈಮೇಲೆ ಗುಳ್ಳೆ ಇರಲಿಲ್ಲ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಮಹಾನಂದಾ ಹೆಸರು ಹಾಕಿ ನೋಡಿದಳು. ಭಾಗ್ಯಶ್ರೀ, ತಂದೆ ಸಂಗಣ್ಣ. ಎರಡೂ ಸೂಜಿಯ ಮುಂದೆ ಹಸಿರು.

"ಇದಕ್ಕ ಎರಡೂ ಆಗ್ಯಾವ. ಹೆದರಬ್ಯಾಡ," ಎಂದು ಅವಳೇ ತಾಯಿಗೆ ಹೇಳಿದಳು. ಒಳಗೆ ಡಾಕ್ಟರಿಗೂ ಅದನ್ನೇ ಹೇಳಿದಳು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. ನೆಗಡಿಯ ಜ್ವರ ಇರಬೇಕೆಂದು ಸಿರಪ್ ಬರೆದು, ಹೆಚ್ಚಾದರೆ ಬರಲು ಹೇಳಿ ಕಳಿಸಿದರು.

ಆರನೇ ದಿನ ಹನುಮವ್ವ ಮತ್ತೆ ಬಂದಳು. ಮಗುವಿನ ಮೈ ತುಂಬ ಗುಳ್ಳೆ ಎದ್ದು ಕಪ್ಪಗಾಗುತ್ತಿತ್ತು. ಪಕ್ಕೆಗಳು ಒಳಕ್ಕೆ ಸೆಳೆದು ಸೆಳೆದು ಉಸಿರು ಬರುತ್ತಿತ್ತು. ಕಣ್ಣುಗಳು ಕೀವಿನಿಂದ ಅಂಟಿಕೊಂಡಿದ್ದವು.

"ಎರಡೂ ಆಗ್ಯಾವ ಅಂದ್ರಲ್ಲ," ಎಂದಳು ಹನುಮವ್ವ. "ಸೂಜಿ ಆದವರಿಗೆ ಇದು ಬರಂಗಿಲ್ಲ, ಬ್ಯಾರೆ ಏನೋ ಇರಬೇಕು ಅಂತ ಮನ್ಯಾಗೇ ಇಟ್ಟುಕೊಂಡಿದ್ನಿ."

ಡಾಕ್ಟರು ಆಕ್ಸಿಜನ್ ಹಿಡಿದು, ವಿಟಮಿನ್ ಎ ಹನಿ ಹಾಕಿ, ಆಂಬುಲೆನ್ಸ್‌ಗೆ ಫೋನ್ ಮಾಡಿ, ತಾಯಿಯ ಜೊತೆ ತಾವೇ ಹತ್ತಿ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಹೋದರು.

ಮಹಾನಂದಾ ಬಾಗಿಲು ಹಾಕಿ ಅಟ್ಟದಿಂದ ಡಬ್ಬಿಗಳನ್ನು ಇಳಿಸಿದಳು. ಏನನ್ನು ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಆಗಲೇ ಗೊತ್ತಿತ್ತೋ ಏನೋ, ಭಾಗ್ಯಶ್ರೀ ಎಂಬ ಹೆಸರಿನ ಕಾರ್ಡುಗಳನ್ನೆಲ್ಲ ತೆಗೆಯತೊಡಗಿದಳು. ನಾಲ್ಕನೇ ಡಬ್ಬಿಯಲ್ಲಿ ಒಂದು ಕಾರ್ಡು ಸಿಕ್ಕಿತು. ಭಾಗ್ಯಶ್ರೀ, ತಂದೆ ಸಂಗಣ್ಣ, ಸಿಂದಗಿ ಕಡೆಯವರು, ಎರಡೂ ಸೂಜಿ ಆಗಿದೆ. ಒಂಬತ್ತನೇ ಡಬ್ಬಿಯಲ್ಲಿ ಇನ್ನೊಂದು. ಭಾಗ್ಯಶ್ರೀ, ತಂದೆ ಸಂಗಣ್ಣ, ಶಹಾಪುರ ಕಡೆಯವರು, ತಾಯಿ ಹನುಮವ್ವ. ಈ ಮಗುವಿಗೆ ಒಂಬತ್ತನೇ ತಿಂಗಳಲ್ಲಿ ಜ್ವರವಿತ್ತು. ಆಮೇಲೆ ಬರಲು ಹೇಳಿದೆ ಎಂದು ಡಾಕ್ಟರ ಕೈಬರಹ. ಅದರ ಕೆಳಗೆ ಏನೂ ಇರಲಿಲ್ಲ. ಒಂದು ಸೂಜಿಯೂ ಬಿದ್ದಿರಲಿಲ್ಲ. ಎರಡೂ ಮಕ್ಕಳು ಹುಟ್ಟಿದ್ದು ಒಂದೇ ತಿಂಗಳು. ಎರಡರ ಮೇಲೂ ಗದಿಗೆಪ್ಪ ಮೇಸ್ತ್ರಿಯ ನಂಬರು.

ಪರದೆ ಕೇಳಿತ್ತು. ಅವಳು ಹೌದು ಎಂದು ಒತ್ತಿದ್ದಳು.

ಸಿಂದಗಿಯ ಭಾಗ್ಯಶ್ರೀ ದುಂಡು ಮುಖದವಳು, ಕಿವಿ ಚುಚ್ಚಿಸಿದಾಗ ಕೀವಾಗಿ ಬಂದಿದ್ದಳು. ಹನುಮವ್ವನ ಮಗಳು ತೆಳ್ಳಗೆ, ತಾಯಿಯ ಸೆರಗು ಬಾಯಲ್ಲಿಟ್ಟುಕೊಳ್ಳುವವಳು. ಮಹಾನಂದಾಳಿಗೆ ಇಬ್ಬರೂ ಗೊತ್ತಿದ್ದರು. ಆ ಸಂಜೆ ಮುಖ ನೋಡಿದ್ದರೆ ಸಾಕಿತ್ತು. ಅವಳು ನೋಡಿದ್ದು ಪರದೆಯನ್ನು.

ಮರುದಿನ ಎರಡೂ ಕಾರ್ಡನ್ನು ಡಾಕ್ಟರ ಮುಂದಿಟ್ಟಳು. ಡಾಕ್ಟರು ಓದಿ ಕನ್ನಡಕ ತೆಗೆದರು.

"ನಂದು ತಪ್ಪು ಅದ ಮೇಡಂ," ಎಂದಳು ಮಹಾನಂದಾ.

"ನಾನು ಡಾಕ್ಟರು. ಆ ಮಗು ಬಾಯೊಳಗೆ ಟಾರ್ಚ್ ಹಾಕಿ ನೋಡಿದ್ರೆ ದಡಾರದ ಬಿಳಿ ಚುಕ್ಕೆ ಕಾಣ್ತಿತ್ತು. ಹಸಿರು ಇದೆ ಅಂತ ನೀನಂದೆ, ನಾನು ನೋಡ್ಲಿಲ್ಲ. ನಂದೂ ತಪ್ಪೇ."

"ಆಕಿಗೆ ಹೇಳಬೇಕ್ರಿ."

"ಹೇಳೋದು ನನ್ನ ಕೆಲಸ. ಮಗು ಹೊರಗೆ ಬರ್ಲಿ, ಹೇಳ್ತೀನಿ."

ಮಗು ಹನ್ನೊಂದು ದಿನ ಯಂತ್ರದ ಉಸಿರಿನಲ್ಲಿತ್ತು. ಮಹಾನಂದಾ ದಿನಾ ಮಧ್ಯಾಹ್ನ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದಳು. ಹೊರಗಿನ ಕಟ್ಟೆಯ ಮೇಲೆ ಹನುಮವ್ವನ ಪಕ್ಕದಲ್ಲಿ ಕೂತು ರೊಟ್ಟಿ ಕೊಡುತ್ತಿದ್ದಳು. ಹನುಮವ್ವ ಅವಳ ಕೈ ಹಿಡಿದುಕೊಂಡು, "ಈ ಊರಾಗ ನನಗ ನೀನೊಬ್ಬಾಕಿ ಇದ್ದೀ ಅಕ್ಕಾ," ಎನ್ನುತ್ತಿದ್ದಳು. ಸಂಗಣ್ಣ ಗೋಡೆಗೆ ಒರಗಿ ಕೂತಿರುತ್ತಿದ್ದ. ಹಿಡಿದ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಮಹಾನಂದಾ ಕೂತಿರುತ್ತಿದ್ದಳು. ಮನೆಯಲ್ಲಿ ಸಿದ್ರಾಮ, "ನೀ ಬೇಕಂತ ಮಾಡಿಲ್ಲಲ್ಲ," ಎಂದರೆ, "ಬೇಕಂತ ಮಾಡಿದ್ರ ಒಂದು ಕಾರಣನರ ಇರ್ತಿತ್ತು," ಎಂದಳು.

ಮಗು ಬದುಕಿತು. ಆದರೆ ಬಲಗಣ್ಣಿನ ಕಪ್ಪುಗುಡ್ಡೆ ಬೆಳ್ಳಗಾಗಿ ಹೋಗಿತ್ತು. ಇನ್ನು ಆ ಕಣ್ಣಿಗೆ ಬೆಳಕು ಬರುವುದು ಕಷ್ಟ, ದೊಡ್ಡವಳಾದ ಮೇಲೆ ದಾನ ಬಂದ ಕಣ್ಣಿನ ಕಾರ್ನಿಯಾ ಕೂರಿಸಿ ನೋಡಬಹುದು ಎಂದರು ಅಲ್ಲಿನ ವೈದ್ಯರು.

ಮಗುವನ್ನು ಮನೆಗೆ ಕರೆತಂದ ಮೂರನೇ ದಿನ ಡಾಕ್ಟರೂ ಮಹಾನಂದಾಳೂ ಶೀಟಿನ ಮನೆಗೆ ಹೋದರು. ಡಾಕ್ಟರು ಚಾಪೆಯ ಮೇಲೆ ಕೂತು ಮಾತು ಶುರುಮಾಡಿದರು. ಅವರ ಬೆಂಗಳೂರು ಮಾತು ಹನುಮವ್ವನಿಗೆ ಪೂರ್ತಿ ಹಿಡಿಯಲಿಲ್ಲ. ಅವಳು ಮಹಾನಂದಾಳ ಮುಖ ನೋಡಿದಳು. ಮಹಾನಂದಾ ಎರಡು ಕಾರ್ಡನ್ನೂ ಚಾಪೆಯ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಕೂಡಿಸಿದ್ದು, ಹಸಿರು ಕಂಡದ್ದು, ಹೆದರಬ್ಯಾಡ ಎಂದದ್ದು.

ಹನುಮವ್ವ ಬಹಳ ಹೊತ್ತು ಕಾರ್ಡುಗಳನ್ನೇ ನೋಡಿದಳು. ಓದಲು ಬರದಿದ್ದರೂ ನೋಡಿದಳು.

"ನೀ ಫೋನ್ ಮಾಡಿದ್ರ ನಾ ಬರ್ತಿದ್ನೋ ಇಲ್ಲೋ," ಎಂದಳು. "ನಮಗ ರಜಾ ಭಾನುವಾರ. ಭಾನುವಾರ ನಿಮ್ಮ ಬಾಗಿಲ ಹಾಕಿರ್ತದ. ಆದ್ರ ನೀ ನಮ್ಮ ಓಣಿಗೆ ಬಂದಿದ್ದಿ ಅಕ್ಕಾ. ಕೈಯಾಗ ಹಾಳಿ ಹಿಡಕೊಂಡು ಬಾಜೂಕಿನ ಮನಿಗೆ ಬಂದಿದ್ದಿ. ಅವತ್ತು ನನ್ನ ಮಗಳು ಇಲ್ಲೇ ಹೊಸ್ತಿಲ ಮ್ಯಾಗ ಆಡ್ಲಿಕತ್ತಿದ್ಲು. ನೀ ಅಕಿ ಗಲ್ಲ ಮುಟ್ಟಿ ಹೋದಿ."

ಮಹಾನಂದಾಳಿಗೆ ಅದು ನೆನಪಿತ್ತು.

"ಇಷ್ಟು ದಿನ ದೇವರ ಮ್ಯಾಗ ಸಿಟ್ಟು ಇತ್ತು. ಅಂವ ಕಣ್ಣಿಗೆ ಕಾಣಂಗಿಲ್ಲ, ನಡೀತಿತ್ತು. ಇನ್ನ ನಿನ್ನ ಮ್ಯಾಗ ಮಾಡಬೇಕು. ಆಸ್ಪತ್ರಿ ಕಟ್ಟಿ ಮ್ಯಾಗ ನಿನ್ನ ರೊಟ್ಟಿ ತಿಂದೀನಿ ನಾನು." ಅವಳು ಎದ್ದು ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಂಗಣ್ಣ ಚಾಪೆಯ ಮೇಲಿನ ಕಾರ್ಡುಗಳನ್ನು ತೆಗೆದು ಡಾಕ್ಟರ ಕೈಗೆ ಕೊಟ್ಟ.

ಮರುದಿನ ಮಹಾನಂದಾ ಕೆಲಸ ಬಿಡುತ್ತೇನೆಂದು ಹೇಳಿದಳು.

"ಬಿಡು," ಎಂದರು ಡಾಕ್ಟರು. "ಬೇಡ ಅನ್ನಲ್ಲ. ಆದರೆ ಹೀಗೆ ಕೂಡಿಸಿದ್ದು ಇದೊಂದೇನಾ? ಅದನ್ನ ನೋಡಿಕೊಟ್ಟು ಹೋಗು."

ಆ ಯೋಚನೆ ಅವಳಿಗೆ ಬಂದಿರಲಿಲ್ಲ. ಅವಳು ಅಟ್ಟದಿಂದ ಡಬ್ಬಿಗಳನ್ನು ಮತ್ತೆ ಇಳಿಸಿದಳು.

ಕೂಡಿಸಿದ ಹೆಸರುಗಳು ಇನ್ನೂರ ಹದಿನಾಲ್ಕು. ಒಂದೊಂದಕ್ಕೂ ಹಳೆಯ ಕಾರ್ಡುಗಳನ್ನು ಹುಡುಕಿ ತೆಗೆದು, ಅಕ್ಕಪಕ್ಕ ಇಟ್ಟು, ಊರು, ತಾಯಿಯ ಹೆಸರು, ತೂಕ ಹೋಲಿಸಿ ನೋಡಿದಳು. ಎಂಟು ದಿನಕ್ಕೆ ಮುಗಿಯಿತು. ಒಂಬತ್ತು ಕಡೆ ಬೇರೆ ಬೇರೆ ಮಕ್ಕಳನ್ನು ಒಂದು ಮಾಡಿದ್ದಳು. ಹನುಮವ್ವನ ಮಗಳನ್ನು ಬಿಟ್ಟರೆ ಸೂಜಿ ಬಾಕಿಯಿದ್ದೂ ಹಸಿರು ಕಾಣುತ್ತಿದ್ದ ಮಕ್ಕಳು ಇನ್ನೂ ನಾಲ್ಕು.

ಮೂವರು ದಾಸರಹಳ್ಳಿಯಲ್ಲೇ ಸಿಕ್ಕರು. ಒಬ್ಬಳಿಗೆ ಆಗಲೇ ದಡಾರ ಬಂದು ವಾಸಿಯಾಗಿತ್ತು. ತಾಯಿ ಅದನ್ನು ನಗುತ್ತಲೇ ಹೇಳಿದಳು. ಇನ್ನಿಬ್ಬರಿಗೆ ಅದೇ ದಿನ ಸೂಜಿ ಬಿತ್ತು. ನಾಲ್ಕನೆಯದು ಬಸು ಎಂಬುವನ ಮಗಳು ಸೌಮ್ಯ. ಆ ಮನೆ ಖಾಲಿಯಾಗಿ ನಾಲ್ಕು ತಿಂಗಳಾಗಿತ್ತು. ಮನೆಯ ಮಾಲೀಕ ಲಕ್ಷ್ಮಯ್ಯ ತಲೆ ಕೆರೆದುಕೊಂಡು, "ಅತ್ತಿಬೆಲೆ ಕಡೀಕೆ ಓದ್ರು ಕಣಮ್ಮ. ಯಾವ್ದೋ ಪೈಪ್ ಪ್ಯಾಕ್ಟ್ರಿ ಅಂತಿದ್ದ," ಎಂದ.

ಅತ್ತಿಬೆಲೆ ಊರಿನ ಇನ್ನೊಂದು ತುದಿ. ಭಾನುವಾರ ಅವಳೂ ಸಿದ್ರಾಮನೂ ಮೂರು ಬಸ್ಸು ಬದಲಿಸಿ ಹೋದರು. ಪೈಪು ಮಾಡುವ ಕಾರ್ಖಾನೆಗಳು ಅಲ್ಲಿ ಒಂದೆರಡಲ್ಲ. ಪ್ರತಿ ಗೇಟಿನಲ್ಲೂ ಕಾವಲಿನವರು, "ಯಾವ ಬಸು? ಇಲ್ಲಿ ಹತ್ತು ಜನ ಬಸು ಇದಾರೆ," ಎಂದರು. ಎರಡು ಭಾನುವಾರ ವ್ಯರ್ಥವಾಯಿತು. ಮೂರನೆಯ ಸಲ ಸಿದ್ರಾಮನಿಗೆ ಕೆಲಸವಿತ್ತು. ಸೋಮವಾರ ರಜೆ ಹಾಕಿ ಅವಳೊಬ್ಬಳೇ ಹೋದಳು. ಟೀ ಅಂಗಡಿಯೊಂದರಲ್ಲಿ ರೊಟ್ಟಿ ಮಾರುತ್ತಿದ್ದ ಮುದುಕಿ ಗೌರಮ್ಮ ಯಾದಗಿರಿ ಮಾತು ಕೇಳಿ ತಲೆಯೆತ್ತಿದಳು. "ಹೆಂಡ್ತಿ ಹಡಿಲಿಕ್ಕ ಊರಿಗೆ ಹೋಗ್ಯಾಳಲ್ಲ, ಅಂವೇನು?" ಎಂದು ದಾರಿ ತೋರಿಸಿದಳು.

ಬಸು ರಾತ್ರಿಪಾಳಿ ಮುಗಿಸಿ ಮಲಗಿದ್ದ. ಮಗಳು ಪಕ್ಕದಲ್ಲಿ ಒಬ್ಬಳೇ ಮುಚ್ಚಳ ಹಿಡಿದು ಆಡುತ್ತಿದ್ದಳು. ಮಹಾನಂದಾ ಮೊದಲು ನೋಡಿದ್ದು ಆ ಮಗುವಿನ ಕಣ್ಣುಗಳನ್ನು. ಎರಡೂ ನೆಟ್ಟಗಿದ್ದವು.

"ಒಂದು ಸೂಜಿ ಸಲುವಾಗಿ ದಾಸರಹಳ್ಳಿಯಿಂದ ಬಂದ್ರೇನು?" ಬಸುಗೆ ನಂಬಿಕೆ ಬರಲಿಲ್ಲ. "ನಾಳಿ ನಾಡಿದ್ದು ನೋಡ್ತೀನಿ ತಗೋರಿ. ಈಗ ಮಕ್ಕೋಬೇಕು."

"ನಾಳಿ ಬ್ಯಾಡಪ್ಪ. ನಿನ್ನ ಕಾಲು ಬೀಳ್ತೀನಿ. ನೀ ಬರೋ ತನಕ ನಾ ಇಲ್ಲೇ ಕುಂದರ್ತೀನಿ."

ಅವಳು ನಿಜವಾಗಿಯೂ ಹೊಸ್ತಿಲಲ್ಲಿ ಕೂತುಬಿಟ್ಟಳು. ಅಕ್ಕಪಕ್ಕದವರು ನೋಡತೊಡಗಿದರು. ಬಸು ಕೆಂಪಗಾದ ಕಣ್ಣುಜ್ಜಿಕೊಂಡು ಎದ್ದು ಅಂಗಿ ಹಾಕಿಕೊಂಡ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮನನ್ನು ಒಪ್ಪಿಸಲು ಡಾಕ್ಟರಿಂದ ಫೋನಿನಲ್ಲಿ ಮಾತಾಡಿಸಬೇಕಾಯಿತು. ಸೂಜಿ ಚುಚ್ಚಿದಾಗ ಸೌಮ್ಯ ಜೋರಾಗಿ ಅತ್ತಳು. ಅವಳಿಗಿಂತ ಹೆಚ್ಚಾಗಿ ಅಳುತ್ತಿದ್ದ ಈ ಹೆಂಗಸು ಯಾರು ಎಂದು ನರ್ಸಮ್ಮ ಬಸುವನ್ನು ಕೇಳಿದಳು.

ಮಹಾನಂದಾ ಕೆಲಸ ಬಿಡಲಿಲ್ಲ. ಬಿಡುವ ಮಾತನ್ನು ಡಾಕ್ಟರೂ ಮತ್ತೆ ಎತ್ತಲಿಲ್ಲ. ಹಳೆಯ ಕಾರ್ಡುಗಳನ್ನು ತಿರುಗಿ ನೋಡುವಾಗ ಅವಳಿಗೆ ಇನ್ನೊಂದು ವಿಷಯ ಕಂಡಿತ್ತು: ಶೀಟಿನ ಮನೆಗಳಿಂದ ಎರಡನೇ ಸೂಜಿಗೆ ಬಂದ ಮಕ್ಕಳು ಬಂದದ್ದು ಹೆಚ್ಚಾಗಿ ಕಾರ್ಖಾನೆಗೆ ರಜೆಯಿದ್ದ ಹಬ್ಬದ ದಿನಗಳಲ್ಲಿ. ಹನುಮವ್ವ ಚಾಪೆಯ ಮೇಲೆ ಹೇಳಿದ್ದನ್ನೇ ತಾರೀಖುಗಳೂ ಹೇಳುತ್ತಿದ್ದವು. ಈಗ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಕ್ಲಿನಿಕ್ ತೆರೆದಿರುತ್ತದೆ, ಸೋಮವಾರ ರಜೆ. ಭಾನುವಾರದ ಬೆಂಚುಗಳು ತುಂಬುತ್ತವೆ. ಯುಗಾದಿ ಕಳೆಯಿತು, ಮುಚ್ಚುವ ಮಾತು ಈ ವರ್ಷಕ್ಕೆ ಮುಂದೆ ಹೋಗಿದೆ. ಮೇಸ್ತ್ರಿಯ ನಂಬರನ್ನು ಮಹಾನಂದಾ ಒಪ್ಪುವುದಿಲ್ಲ. ತಾಯಿಯ ಹೆಸರು, ತಾಯಿಯ ತವರೂರು ಕೇಳಿ ಬರೆಯುತ್ತಾಳೆ. ಪರದೆ ಕೂಡಿಸಲೇ ಎಂದರೆ ತಾಯಿಯನ್ನು ಕಂಡು ಕೇಳಿದಲ್ಲದೆ ಒತ್ತುವುದಿಲ್ಲ.

ಹನುಮವ್ವ ಕ್ಲಿನಿಕ್ಕಿಗೆ ಬರುವುದಿಲ್ಲ. ಮಗಳ ಕಣ್ಣಿನ ತಪಾಸಣೆಗೆ ಸಂಗಣ್ಣನೇ ಕರೆದೊಯ್ಯುತ್ತಾನೆ. ಆ ಓಡಾಟದ ಖರ್ಚನ್ನೆಲ್ಲ ಡಾಕ್ಟರು ನೋಡಿಕೊಳ್ಳುತ್ತಾರೆ. ಒಮ್ಮೆ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಮಹಾನಂದಾ ತಲೆಯೆತ್ತಿದರೆ ಎದುರಿಗೆ ಹನುಮವ್ವ ನಿಂತಿದ್ದಳು, ಕಂಕುಳಲ್ಲಿ ಮಗಳು. ಮಗು ಒಂದು ಕಣ್ಣಿನಿಂದ ಮಹಾನಂದಾಳನ್ನು ಗುರುತು ಹಿಡಿದು ಕೈ ಚಾಚಿತು. ಹನುಮವ್ವ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಸೊಪ್ಪಿನ ಕಟ್ಟು ತೆಗೆದುಕೊಂಡು, ಜನರ ನಡುವೆ ನಡೆದುಹೋದಳು.